ಜ್ವರಕ್ಕೆ ಕೂತ ದೇವೀರಮ್ಮ

ಹೊಳೆಯ ಆಚೆ ದಡದಲ್ಲಿ ಒಂದು ಮಠ. ಮಠದಲ್ಲಿ ಇದ್ದವರು ಇಬ್ಬರೇ, ಒಬ್ಬ ಗುರು, ಒಬ್ಬ ಶಿಷ್ಯ.

ಆ ಸೀಮೆಯಲ್ಲಿ ಸ್ವಾಮಿಗಳನ್ನು ಬುದ್ಧಿ ಎಂದು ಕರೆಯುವುದು ವಾಡಿಕೆ. ಹಾಗಾಗಿ ಗುರುಗಳು ದೊಡ್ಡಬುದ್ಧಿ. ಶಿಷ್ಯ ನಿರ್ವಾಣಿ ಚಿಕ್ಕಬುದ್ಧಿ. ಇದರಲ್ಲಿ ಯಾರಿಗೂ ಕುಹಕವಿರಲಿಲ್ಲ. ಆದರೂ ನಿರ್ವಾಣಿಗೆ ಆ ಹೆಸರು ಅಷ್ಟಾಗಿ ಹಿಡಿಸಿರಲಿಲ್ಲ.

ದೊಡ್ಡಬುದ್ಧಿಯವರದು ಮಾತು ಕಡಿಮೆ. ಆ ಕೊರತೆಯನ್ನು ಚಿಕ್ಕಬುದ್ಧಿ ಧಾರಾಳವಾಗಿ ತುಂಬಿಕೊಡುತ್ತಿದ್ದ.

ಆಷಾಢದ ಒಂದು ಬೆಳಗ್ಗೆ ಈಚೆ ಊರಿನ ಹೊಂಬಾಳೇಗೌಡ ತೆಪ್ಪದಲ್ಲಿ ಹೊಳೆ ದಾಟಿ ಬಂದ. ರೇಷ್ಮೆ ಹುಳ ಸಾಕುವ ರೈತ. ದೊಡ್ಡಬುದ್ಧಿ ಸ್ನಾನಕ್ಕೆ ಇಳಿದಿದ್ದರು. ಜಗಲಿಯಲ್ಲಿ ನಿರ್ವಾಣಿ ಒಬ್ಬನೇ ಇದ್ದ.

"ಒಸಿ ಇಬೂತಿ ಮಂತ್ರಿಸಿಕೊಡಿ ಬುದ್ಧಿ. ನಮ್ಮನೆಯವ್ಳು ದೇವೀರಮ್ಮ ಜ್ವರಕ್ಕೆ ಕೂತವ್ಳೆ."

"ಮೈ ಬಿಸಿ ಇದೆಯಾ?"

"ಇಲ್ಲ ಬುದ್ಧಿ, ತಣ್ಣಗದೆ. ಹುಳದ ಜ್ವರ."

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಕದಲದೆ ಕೂತುಬಿಡುತ್ತದೆ. ಹಳೆಯ ಚರ್ಮ ಕಳಚಿ ಮತ್ತೆ ಏಳುತ್ತದೆ. ಸಾಕುವವರು ಇದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು. ಮುಟ್ಟಬಾರದು. ತಟ್ಟೆ ಅಲುಗಿಸಬಾರದು. ಆ ಊರಿನಲ್ಲಿ ಆಡುವ ಮಕ್ಕಳಿಗೂ ಇದು ಗೊತ್ತು.

"ಹಂಗೇ ಕೂತವ್ಳೆ ಬುದ್ಧಿ," ಅಂದ ಗೌಡ. "ಸರಿಯಾಗಿ ಉಣ್ಣಕಿಲ್ಲ, ಮಾತಾಡಕಿಲ್ಲ. ಗ್ವಾಡೆ ಕಡೀಕೆ ಮಕ ಮಾಡ್ಕಂಡು ಕೂತ್ರೆ ಕೂತ್ಲು. ನಮ್ಮವ್ವ ನೋಡುದ್ಲು. 'ಜ್ವರಕ್ಕೆ ಕೂತವ್ಳೆ ಕನ್ಲಾ, ಯಾರೂ ಮುಟ್ಬ್ಯಾಡಿ, ತಾನಾಗೇ ಎದ್ದೇಳ್ತಾಳೆ' ಅಂದ್ಲು. ಅವತ್ತಿಂದ ಯಾರೂ ಒಂದ್ ಮಾತು ಆಡಿಸ್ನಿಲ್ಲ. ಮಗೀನ ಅವ್ಳ ತೌರಿಗೆ ಕಳಿಸ್ದೆ. ಹುಳದ ಕೆಲ್ಸಾನೂ ಬಿಡಿಸ್ದೆ. ಮನೇಲಿ ನಾವು ತುದಿಗಾಲಲ್ಲೇ ಓಡಾಡ್ತೀವಿ. ಪಾತ್ರೆ ಕೆಳಗಿಟ್ರೂ ಸದ್ದಾಗಕ್ಕಿಲ್ಲ, ಹಂಗ್ ನೋಡ್ಕಂಡಿವ್ನಿ."

ಕೊನೆಯ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಗೌಡನಿಗೆ ಹೆಂಡತಿ ಎಂದರೆ ಪ್ರಾಣ. ಅದರಲ್ಲಿ ಯಾರಿಗೂ ಅನುಮಾನ ಬೇಡ.

"ಹೀಗಾಗೋಕೆ ಕಾರಣ? ಜಗಳ ಗಿಗಳ?"

"ಏನೂ ಇಲ್ಲ. ಅದೇ ಗೊತ್ತಾಗ್ನಿಲ್ಲ ಬುದ್ಧಿ. ಹೋದ ಬೆಳೇಲಿ ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂದಿದ್ವು. ದೇವೀರಿ ಕೈಗೆ ಹುಳ ಒಲಿದವೆ ಅಂತ ಊರೇ ಅಂತಿತ್ತು. ಏನ್ ಕೊರತೆ ಹೇಳಿ?"

ನಿರ್ವಾಣಿ ಕಣ್ಣು ಮುಚ್ಚಿ ಒಂದು ಕ್ಷಣ ಯೋಚಿಸಿದ. ಒಂದೇ ಕ್ಷಣ.

"ಗೌಡ್ರೇ, ನೀವು ಮಾಡಿರೋದೇ ಸರಿ. ಮೌನಕ್ಕಿಂತ ದೊಡ್ಡ ಔಷಧ ಇಲ್ಲ," ಎಂದು ಶುರುಮಾಡಿದ. ಋಷಿಗಳ ಮೌನ ಹೇಳಿದ. ಬೆಟ್ಟದ ಮೌನ, ಬೀಜದ ಮೌನ, ಮೌನದಲ್ಲಿ ಮೂರು ಬಗೆ, ಒಂದೊಂದರಲ್ಲಿ ಒಳಬಗೆ. ಗೌಡ ಕೈಮುಗಿದು ನಿಂತೇ ಇದ್ದ. ತೆಪ್ಪದವನು ಎರಡು ಸಲ ಕೂಗಿದ.

ಕಡೆಗೆ ವಿಭೂತಿ ಕೊಟ್ಟು, "ಮನೆಗೆ ಹೋಗಿ. ಅವರ ಪಾಡಿಗೆ ಅವರನ್ನ ಬಿಡಿ," ಅಂದ.

ಗೌಡ ಮೆಟ್ಟಿಲಿಳಿಯುವಾಗ ದೊಡ್ಡಬುದ್ಧಿ ಒದ್ದೆ ಪಂಚೆಯಲ್ಲಿ ಎದುರಾದರು. ಏನು ಬಂದೆ ಎಂದು ಕೇಳಿದರು. ಗೌಡ ಮತ್ತೆ ಎಲ್ಲ ಹೇಳಿದ.

"ಹುಳದ ಜ್ವರ ಎಷ್ಟು ಹೊತ್ತು ಗೌಡ?"

"ಒಂದ್ ಹಗಲು, ಒಂದ್ ರಾತ್ರಿ. ಚಳಿ ಇದ್ರೆ ಇನ್ನೊಸಿ ಜಾಸ್ತಿ."

"ನಿನ್ನ ಮನೆಯವಳು ಕೂತದ್ದು ಯಾವಾಗ?"

"ಯುಗಾದಿ ಕಳೆದ ಮ್ಯಾಕೆ ಬುದ್ಧಿ."

ದೊಡ್ಡಬುದ್ಧಿ ಒದ್ದೆ ವಲ್ಲಿ ಹಿಂಡಿ ಹೆಗಲಿಗೆ ಹಾಕಿಕೊಂಡರು. ನೇರವಾಗಿ ಹೋಗಿ ತೆಪ್ಪದಲ್ಲಿ ಕೂತರು.

ನಿರ್ವಾಣಿ ಓಡಿ ಬಂದ. "ಗುರುಗಳೇ, ಪೂಜೆ?"

"ಅಲ್ಲಿದೆ," ಎಂದು ಈಚೆ ದಡ ತೋರಿಸಿದರು.

ಅವನೂ ಹತ್ತಿದ. ನಡುಹೊಳೆಗೆ ಬರುವತನಕ ತಡೆದುಕೊಂಡ.

"ನಾನು ಹೇಳಿದ್ದರಲ್ಲಿ ತಪ್ಪಿದೆಯಾ ಗುರುಗಳೇ?"

"ಏನು ಹೇಳಿದೆ?"

"ಮೌನದ ಮಹಿಮೆ."

"ಎಷ್ಟು ಹೊತ್ತು ಹೇಳಿದೆ?"

ನಿರ್ವಾಣಿ ನೀರು ನೋಡುತ್ತ ಕೂತ.

*

ಗೌಡನ ಮನೆಯ ಜಗಲಿಯಲ್ಲಿ ಅವನ ಅವ್ವ ಕೂತಿದ್ದಳು. ದೊಡ್ಡಬುದ್ಧಿಯವರನ್ನು ನೋಡಿ ಎದ್ದು ಅಡ್ಡಬಿದ್ದಳು. ಬಿದ್ದಲ್ಲಿಂದಲೇ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಬುದ್ಧಿ. ಒಳಗೆ ಜ್ವರ."

"ಯಾಕವ್ವಾ ಪಿಸುಗುಡ್ತೀಯ?" ಎಂದರು ದೊಡ್ಡಬುದ್ಧಿ. ಸಂತೆಯಲ್ಲಿ ಮಾತಾಡುವಷ್ಟು ಗಟ್ಟಿಯಾಗಿ ಅಂದರು. ಮುದುಕಿ ಬೆಚ್ಚಿದಳು. ಎಷ್ಟೋ ಕಾಲದಿಂದ ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ.

ಗೌಡ ಒಳಕೋಣೆಯ ಕಡೆ ಕೈ ತೋರಿಸಿದ.

"ಆಮೇಲೆ," ಎಂದರು ದೊಡ್ಡಬುದ್ಧಿ. "ಮೊದಲು ಹುಳ ತೋರಿಸು."

ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಾಲಿನ ಧೂಳಿನಲ್ಲಿ ಯಾವ ಊರಿನ ರೋಗ ಬರುತ್ತದೋ ಯಾರಿಗೆ ಗೊತ್ತು? ಗೌಡ ಹಿಂದೆಮುಂದೆ ನೋಡಿದ. ಆಮೇಲೆ ಗುರುಶಿಷ್ಯರಿಬ್ಬರಿಗೂ ಕೈಕಾಲು ತೊಳೆಸಿ ಒಳಗೆ ಬಿಟ್ಟ.

ಒಳಗೆ ಅಟ್ಟಣೆಯ ತುಂಬ ತಟ್ಟೆಗಳು. ತಟ್ಟೆಗಳ ತುಂಬ ಹುಳ. ಎಲ್ಲವೂ ತಲೆ ಎತ್ತಿ ಕದಲದೆ ಕೂತಿದ್ದವು.

"ಜ್ವರವಾ?"

"ಹೂಂ ಬುದ್ಧಿ. ನಾಕನೇದು."

"ಹಂಗಾದ್ರೆ ಸೊಪ್ಪು ಹಾಕಂಗಿಲ್ಲ."

"ಇಲ್ಲ ಬುದ್ಧಿ."

"ಮುಟ್ಟಂಗಿಲ್ಲ."

"ಇಲ್ಲ ಬುದ್ಧಿ."

"ಮತ್ತೆ ನಿನಗಿಲ್ಲಿ ಏನು ಕೆಲಸ? ನಡಿ, ಮಠಕ್ಕೆ ಹೋಗೋಣ. ನಿನ್ನವ್ವನೂ ಬರಲಿ. ಬಾಗಿಲು ಎಳ್ಕೊಂಡು ಹೋದರಾಯ್ತು, ಅವು ಎದ್ದ ಮೇಲೆ ಬರೋಣ."

ಗೌಡ ಹೌಹಾರಿದ. "ಏನ್ ಬುದ್ಧಿ ಹಿಂಗಂತೀರಾ! ಜ್ವರಕ್ಕೆ ಕೂತಾಗ ಬುಟ್ಟು ಹೋಗಕ್ಕಾದದಾ? ಇರುವೆ ಬತ್ತವೆ, ಹಲ್ಲಿ ಬತ್ತದೆ. ಅವಕ್ಕೆ ಓಡೋಗಕ್ಕೂ ಆಗಕಿಲ್ಲ. ತೇವ ಆದ್ರೆ ಸುಣ್ಣದ ಪುಡಿ ಉದುರಿಸ್ಬೇಕು. ಗಾಳಿ ಜಾಸ್ತಿ ಆದ್ರೆ ಗೋಣಿತಾಟು ಎಳೀಬೇಕು. ಸೊಪ್ಪು ತಿನ್ನೋವಾಗ ಬೇಕಾರೆ ಒಂದ್ಗಳಿಗೆ ಆಚ್ಗೆ ಹೋಗ್ಬೋದು. ಜ್ವರದಾಗೆ ಇಲ್ಲೇ ಇರ್ಬೇಕು. ಏನೂ ಮಾಡ್ದೆ ಇರ್ಬೇಕು, ಆದ್ರೆ ಇರ್ಬೇಕು..."

ಮಾತು ಅಲ್ಲಿಗೇ ನಿಂತುಹೋಯಿತು.

ಗೌಡ ತಟ್ಟೆಗಳನ್ನು ನೋಡಿದ. ಬಾಗಿಲಾಚೆ ಮನೆಯ ಕಡೆ ನೋಡಿದ. ಅವನ ಮುಖ ಇಳಿದುಹೋಯಿತು.

"ನಾನು ಅವ್ಳ ಕ್ವಾಣೆ ಒಳೀಕೆ ಹೋಗಿ ಎಷ್ಟ್ ಕಾಲ ಆಯ್ತು," ಎಂದ. ಯಾರಿಗೆ ಹೇಳಿದನೋ ಅವನಿಗೇ ಗೊತ್ತಿಲ್ಲ.

ಬಾಗಿಲ ಬಳಿ ಒಂದು ಮೊರದಲ್ಲಿ ಕೆಲವು ಹುಳಗಳನ್ನು ಬೇರೆ ಇಟ್ಟಿದ್ದರು. ದೊಡ್ಡಬುದ್ಧಿ ಅದರಲ್ಲೊಂದನ್ನು ಎಲೆಯ ಮೇಲೆ ಎತ್ತಿಕೊಂಡರು.

"ಅದು ಆಚ್ಗೆ ಹಾಕಾದು ಬುದ್ಧಿ, ಕೆಟ್ಟದ್ದು," ಎಂದ ಗೌಡ.

"ಇರಲಿ."

*

ಒಳಕೋಣೆಯಲ್ಲಿ ದೇವೀರಮ್ಮ ಗೋಡೆಯ ಕಡೆ ತಿರುಗಿ ಕೂತಿದ್ದಳು. ದೊಡ್ಡಬುದ್ಧಿ ನೆಲದ ಮೇಲೆ ಕೂತರು. ಹೇಗಿದ್ದೀಯ ಎಂದು ಕೇಳಲಿಲ್ಲ. ನಿರ್ವಾಣಿ ಬಾಯಿ ತೆರೆದ. ಅವರು ಅವನತ್ತ ಕಣ್ಣು ಬಿಟ್ಟರು. ಅವನು ಬಾಯಿ ಮುಚ್ಚಿಕೊಂಡ.

"ತಾಯಿ, ಹುಳದ ವಿಷಯ ನಿನ್ನಷ್ಟು ಬಲ್ಲವರು ಊರಲ್ಲಿಲ್ಲವಂತೆ. ಇದು ಜ್ವರವಾ, ನೋಡಿ ಹೇಳು."

ಎಲೆ ಹಿಡಿದ ಕೈ ಮುಂದೆ ಚಾಚಿದರು.

ದೇವೀರಮ್ಮ ತಿರುಗಲಿಲ್ಲ.

ದೊಡ್ಡಬುದ್ಧಿ ಕೈ ಹಿಂದೆ ತೆಗೆಯಲಿಲ್ಲ. ವಯಸ್ಸಾದ ಕೈ, ಹೊತ್ತು ಹೋದಂತೆ ನಡುಗತೊಡಗಿತು. ಎಲೆಯೂ ಅದರ ಜೊತೆ ಅಲುಗಿ ಸರಸರ ಎಂದಿತು. ಆ ಸದ್ದಿಗೆ ಆಕೆ ತಿರುಗಿದಳು. ಅವರ ಮೇಲಿನ ಭಕ್ತಿಯಿಂದಲ್ಲ, ಮುದುಕರ ಕೈ ನೋಯುತ್ತದಲ್ಲ ಎಂದು.

ಎಲೆ ಇಸಿದುಕೊಂಡಳು. ಬೆರಳ ತುದಿಯಿಂದ ಹುಳ ಮುಟ್ಟಿದಳು.

"ಜ್ವರ ಅಲ್ಲ. ಸಪ್ಪೆ."

ಸಪ್ಪೆ ಎಂಬುದು ಹುಳಕ್ಕೆ ಬರುವ ಒಂದು ರೋಗ. ಹುಳ ಕಸುವು ಕಳೆದುಕೊಂಡು ಮೆತ್ತಗಾಗುತ್ತದೆ.

"ಹೆಂಗೆ ಹೇಳ್ತೀಯ?"

"ಜ್ವರ ಆದ್ರೆ ತಲೆ ಎತ್ಕಂಡಿರ್ತದೆ. ಇದು ಇಳೇಬಿಟ್ಟದೆ."

"ನಿಂದು?"

ಹೊರಗೆ ಯಾರದೋ ಗಾಡಿ ಹೋಯಿತು. ದೇವೀರಮ್ಮ ಎಲೆಯ ಮೇಲಿನ ಹುಳವನ್ನೇ ನೋಡಿದಳು.

"ಎತ್ತಕ್ಕಾಗ್ನಿಲ್ಲ ಬುದ್ಧಿ," ಎಂದಳು.

ಒಂದು ಮಾತು ಬಂದ ಮೇಲೆ ಉಳಿದವೂ ಬಂದವು. ನಿಧಾನವಾಗಿ, ಸಿಟ್ಟಿಲ್ಲದೆ ಬಂದವು.

"ಯಾಕೆ ಅಂತ ನಂಗೂ ಗೊತ್ತಿಲ್ಲ. ಬೆಳಗಾದ್ರೆ ಎದೆ ಮ್ಯಾಲೆ ಕಲ್ಲು ಹೇರ್ದಂಗೆ. ಮಗ ನಕ್ರೂ ನಗೆ ಬರ್ನಿಲ್ಲ... ಸಪ್ಪೆ ಹುಳಾನ ತಟ್ಟೇಲಿ ಇಟ್ಕಬಾರ್ದು ಬುದ್ಧಿ. ಮಿಕ್ಕವಕ್ಕೂ ತಗಲ್ತದೆ. ಆರ್ಸಿ ಆಚ್ಗೆ ಹಾಕ್ಬೇಕು. ನಾನೇ ಎಷ್ಟೋ ಹಾಕಿವ್ನಿ. ಇವ್ರು ಮಗೀನ ಕಳ್ಸುದ್ರು. ದೂರ ದೂರ ಹೋದ್ರು. ಸರಿಯಾಗೇ ಮಾಡ್ತಾವ್ರೆ ಅನ್ನಿಸ್ತು. ನಾನೇ ಎದ್ದು ಹೊಳೆ ಕಡೀಕೆ ಹೋಗ್ಬುಟ್ರೆ, ಪಾಪ, ಎಲ್ರಿಗೂ ಸಲೀಸು ಅಂತ..."

ಬಾಗಿಲಲ್ಲಿ ನಿಂತಿದ್ದ ಗೌಡ ಹಾಗೇ ಕುಸಿದು ಕೂತ.

ಅವರ ಪಾಡಿಗೆ ಅವರನ್ನ ಬಿಡಿ ಎಂದು ನಿರ್ವಾಣಿ ಆಶೀರ್ವಾದ ಮಾಡಿ ಕಳಿಸಿದ್ದು ಈ ಮನೆಗೆ.

ದೊಡ್ಡಬುದ್ಧಿ ಆಕೆಯ ಕೈಯಿಂದ ಎಲೆಯನ್ನು ತೆಗೆದು ಪಕ್ಕಕ್ಕಿಟ್ಟರು.

"ನೀನು ಹುಳ ಅಲ್ಲ ಕಣವ್ವ."

ಇಷ್ಟೇ ಹೇಳಿದ್ದು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ದೇವೀರಮ್ಮ ಅವರ ಮುಖ ನೋಡಿದಳು. ಯುಗಾದಿಯಿಂದ ಒಂದು ಹನಿಯೂ ಬಾರದ ಕಣ್ಣಲ್ಲಿ ನೀರು ಬಂತು. ಆಮೇಲೆ ಆಕೆ ಬಾಯಿಬಿಟ್ಟು ಅತ್ತಳು.

ಗೌಡ ತೆವಳಿಕೊಂಡೇ ಒಳಗೆ ಬಂದ. ಏನು ಮಾಡಬೇಕೆಂದು ತಿಳಿಯದೆ ಗುರುಗಳನ್ನು ನೋಡಿದ.

"ಏನ್ ಮಾತಾಡ್ಲಿ ಬುದ್ಧಿ?"

"ಬಂದರೆ ಆಡು. ಬರದಿದ್ರೆ ಸುಮ್ಮನೆ ಕೂರು. ಇಲ್ಲೇ ಕೂರು."

ಗೌಡ ಕೂತ. ಅಡುಗೆಮನೆಯಲ್ಲಿ ಮುದುಕಿ ಮೂಗು ಸೀಟುತ್ತ ರಾಗಿ ಹಿಟ್ಟಿಗೆ ಎಸರಿಟ್ಟಳು. ತಪ್ಪಲೆಯನ್ನು ಬೇಕೆಂದೇ ಜೋರಾಗಿ ಕುಕ್ಕಿದಳು ಎಂದು ಕಾಣುತ್ತದೆ. ಆ ಮನೆಯಲ್ಲಿ ಅಂದು ಪಾತ್ರೆಗಳು ಮನಸಾರೆ ಸದ್ದು ಮಾಡಿದವು.

*

ಉಂಡ ಮೇಲೆ ದೊಡ್ಡಬುದ್ಧಿ ಜಗಲಿಯಲ್ಲಿ ಗೌಡನನ್ನು ಕೂರಿಸಿಕೊಂಡರು.

"ಹುಳಕ್ಕೆ ರೋಗ ಬಂದರೆ ಏನು ಮಾಡ್ತೀಯ?"

"ರೇಷ್ಮೆ ಆಫೀಸಿಗೆ ಓಡ್ತೀನಿ ಬುದ್ಧಿ."

"ಯಾವಾಗ?"

"ಕಂಡ ತಕ್ಷಣ."

"ನಿನಗೇನು ಕೊರತೆ, ಯಾಕೆ ರೋಗ ಬರಿಸ್ಕೊಂಡೆ ಅಂತ ಹುಳಾನ ಕೇಳ್ತೀಯ?"

ಗೌಡ ತಲೆ ತಗ್ಗಿಸಿದ.

"ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನ ಮನಸ್ಸಿನ ಡಾಕ್ಟರು ಬರ್ತಾರೆ. ನಾಳೆಯೇ ಆ ದಿನ. ಹೋಗೋಣ."

ಗೌಡನ ಮುಖ ಬೇರೆಯಾಯಿತು. ಸುತ್ತ ನೋಡಿ ದನಿ ತಗ್ಗಿಸಿದ.

"ಅಲ್ಲಿಗಾ ಬುದ್ಧಿ? ಜನ ಹುಚ್ಚಿ ಅನ್ನಕಿಲ್ವಾ? ಗಡಿಗೆ ಬಾಯಿ ಮುಚ್ಬೋದು, ಜನದ ಬಾಯಿ ಮುಚ್ಚಕ್ಕಾದದಾ?"

"ಅನ್ನಲಿ ಬಿಡು. ಅನ್ನಿಸ್ಕೊಳ್ಳೋಕಾದ್ರೂ ಅವಳು ಇರಲಿ."

ಗೌಡ ನಾಳೆಗೆ ಗಾಡಿ ಗೊತ್ತುಮಾಡಲು ಎದ್ದ.

ನಿರ್ವಾಣಿ ಮೆಲ್ಲಗೆ ಕೇಳಿದ. "ಗುರುಗಳೇ, ನಾನು ಮಂತ್ರಿಸಿ ಕೊಟ್ಟ ವಿಭೂತಿ?"

"ಹಚ್ಚಿಕೊಂಡು ಹೋಗಲಿ. ಆಸ್ಪತ್ರೆಯವರು ಬೇಡ ಅನ್ನಲ್ಲ."

ಆ ರಾತ್ರಿ ಗುರುಶಿಷ್ಯರು ಗೌಡನ ಜಗಲಿಯಲ್ಲೇ ಮಲಗಿದರು. ಒಳಗೆ ದೇವೀರಮ್ಮನ ಪಕ್ಕದಲ್ಲಿ ಮುದುಕಿ ಹಾಸಿಕೊಂಡಳು.

ಮಾರನೆಯ ದಿನ ಹುಳದ ಕಾವಲಿಗೆ ಮುದುಕಿ ಉಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ದೇವೀರಮ್ಮ, ಗೌಡ, ಅವರ ಪಕ್ಕದಲ್ಲಿ ಕಾವಿಯುಟ್ಟ ದೊಡ್ಡಬುದ್ಧಿ ಸಾಲಾಗಿ ಕೂತಿದ್ದರು, ನಿರ್ವಾಣಿ ಪಕ್ಕದಲ್ಲಿ ನಿಂತಿದ್ದ. ಪರಿಚಯದವನೊಬ್ಬ ಕಾಲಿಗೆ ಬಿದ್ದು, ಬಾಗಿಲ ಮೇಲಿನ ಹಲಗೆ ಓದಿ, ಗಾಬರಿಯಾದ.

"ಇಲ್ಲಿ ತಾವು? ಯಾರಿಗೆ ತೋರ್ಸಕ್ಕೆ ಬುದ್ಧಿ?"

"ನಮಗೆ."

ಅವನು ಹೋಗಬೇಕಾದವನು ಹೋಗಲಿಲ್ಲ. ಕಂಬ ಕೆರೆಯುತ್ತ ನಿಂತ.

"ನಂಗೂ ವರ್ಷದಿಂದ ನಿದ್ದೆ ಹತ್ತಕಿಲ್ಲ ಬುದ್ಧಿ," ಎಂದ ಕೊನೆಗೆ.

ದೊಡ್ಡಬುದ್ಧಿ ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿದರು.

ಡಾಕ್ಟರಮ್ಮ ದೇವೀರಮ್ಮನೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ಗೌಡನನ್ನು ಕರೆದರು. ಇದು ಕಾಯಿಲೆ, ವಾಸಿಯಾಗುತ್ತೆ ಅಂದರು. ಮಾತ್ರೆ ಹಿಡಿಯೋಕೆ ಕೆಲವು ವಾರ ಬೇಕು, ನಡುವೆ ಬಿಡಬೇಡಿ. ಒಂಟಿಯಾಗಿ ಬಿಡಬೇಡಿ. ಹೊಳೆಯ ಯೋಚನೆ ಮತ್ತೆ ಬಂದರೆ ಯಾವ ಹೊತ್ತಾದರೂ ಸರಿ, ಕರೆದುಕೊಂಡು ಬನ್ನಿ. ಗೌಡ ಒಂದೊಂದು ಮಾತಿಗೂ ಹೂಂಗುಟ್ಟಿದ.

ಹೊರಗೆ ಬಂದ ಮೇಲೆ ದೊಡ್ಡಬುದ್ಧಿ ಶಿಷ್ಯನಿಗೆ ಹೇಳಿದರು. "ನೀನು ಇವರ ಮನೇಲೇ ಇರು."

ನಿರ್ವಾಣಿಗೆ ಹೋದ ಜೀವ ಬಂದಂತಾಯಿತು. ತಪ್ಪು ತಿದ್ದಿಕೊಳ್ಳಲು ಅವಕಾಶ ಸಿಕ್ಕಿತ್ತು.

"ಅವರಿಗೆ ಏನು ಉಪದೇಶ ಮಾಡಲಿ ಗುರುಗಳೇ?"

"ಸೊಪ್ಪು ಕೊಯ್ಯಿ."

"ಸೊಪ್ಪಾ?"

"ನೀನು ಸೊಪ್ಪು ಕೊಯ್ದರೆ ಗೌಡನಿಗೆ ಹೆಂಡತಿ ಹತ್ತಿರ ಕೂರೋಕೆ ಹೊತ್ತು ಸಿಗುತ್ತೆ."

*

ನಿರ್ವಾಣಿ ಸೊಪ್ಪು ಕೊಯ್ದ. ಮೊದಮೊದಲು ಬೆರಳು ಕೊಯ್ದುಕೊಂಡದ್ದೇ ಹೆಚ್ಚು. ಜ್ವರ ಎದ್ದ ಹುಳ ಕುಂಭಕರ್ಣನ ಹಾಗೆ ತಿನ್ನುತ್ತದೆ. ಹೊರೆ ತಂದು ಹಾಕುವಷ್ಟರಲ್ಲಿ ಮುಗಿದಿರುತ್ತಿತ್ತು. ಮಾತಾಡಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ.

ತೌರಿಂದ ಮಗು ಬಂತು. ಬಂದ ದಿನವೇ ಮನೆಯಲ್ಲಿ ಗಲಾಟೆ ಎಬ್ಬಿಸಿತು. ಯಾರೂ ಸುಮ್ಮನಿರು ಅನ್ನಲಿಲ್ಲ.

ಸಂಜೆ ಗೌಡ ಕೋಣೆಯಲ್ಲಿ ಕೂರುತ್ತಿದ್ದ. ಅವನಿಗೆ ಗೊತ್ತಿದ್ದ ಮಾತು ಸೊಪ್ಪು, ಹುಳ, ಗೂಡು, ಇಷ್ಟೇ. ಅದನ್ನೇ ಹೇಳುತ್ತಿದ್ದ. ಕೆಲವು ದಿನ ದೇವೀರಮ್ಮ ಕೇಳಿಸಿಕೊಂಡಳು. ಕೆಲವು ದಿನ ಇಲ್ಲ. ಒಂದು ದಿನ, "ಆ ಮೂಲೆ ತಟ್ಟೆಗೆ ಸೊಪ್ಪು ದಪ್ಪ ಹಾಕ್ತಾ ಇದ್ದೀರಾ, ವಾಸನೆ ಬತ್ತಾ ಅದೆ," ಎಂದು ಬೈದಳು. ಬೈಸಿಕೊಂಡ ಗೌಡ ಹೊರಗೆ ಬಂದು, ನಿರ್ವಾಣಿಯ ಕೈ ಹಿಡಿದು, ಅತ್ತುಬಿಟ್ಟ.

ನಡುವೆ ಒಮ್ಮೆ ದೊಡ್ಡಬುದ್ಧಿ ನೋಡಿಹೋಗಲು ಬಂದಾಗ ನಿರ್ವಾಣಿ ಬಹಳ ದಿನದ ಅನುಮಾನ ಕೇಳಿದ.

"ನೀನು ಹುಳ ಅಲ್ಲ ಅಂದಿರಿ. ಆದರೆ ತಾವೇ ಹುಳ ತೋರಿಸಿ ಮಾತು ತೆಗೆದಿರಿ."

"ಬಾಗಿಲು ತಟ್ಟೋಕೆ ಏನಾದ್ರೂ ಬೇಕಿತ್ತು."

"ತೆಗೆದ ಮೇಲೆ?"

"ತೆಗೆದ ಮೇಲೂ ತಟ್ಟುತ್ತಾ ನಿಂತರೆ ಮನೆಯವರು ಬೈತಾರೆ ಮರಿ."

ದೇವೀರಮ್ಮ ಒಂದು ಬೆಳಗ್ಗೆ ತಾನೇ ಎದ್ದು ಒಲೆ ಹಚ್ಚಿದಳು. ಮುದುಕಿಗೆ ಅಷ್ಟೇ ಸಾಕಾಯಿತು. "ಸೊಸೆ ಎದ್ದುಬುಟ್ಲು" ಎಂದು ಬೀದಿಗೆಲ್ಲ ಹೇಳಿಬಂದು, ಹೋಳಿಗೆಗೆ ಬೇಳೆ ಬೇಯಲಿಟ್ಟಳು. ಬೇಳೆ ಬೆಂದಿತು. ಮಾರನೆಯ ದಿನ ದೇವೀರಮ್ಮ ಮತ್ತೆ ಗೋಡೆಯ ಕಡೆ ತಿರುಗಿದ್ದಳು.

ಮಾತ್ರೆ ಬೇಡ ಅಂದಳು. ಮಗುವನ್ನೂ ಹತ್ತಿರ ಸೇರಿಸಲಿಲ್ಲ. ಗೌಡ ಕೂತರೆ ಎದ್ದು ಹೋಗಿ ಅಂದಳು. ನಿರ್ವಾಣಿ ಬಾಗಿಲಲ್ಲಿ ನಿಂತರೆ ಅವನಿಗೂ ಹೇಳಿದಳು.

"ಎಲ್ಲಾ ಆಚೀಕೆ ಹೋಗಿ. ನನ್ ಪಾಡಿಗೆ ನನ್ನ ಬುಟ್ಬುಡಿ."

ನಿರ್ವಾಣಿ ಗೌಡನನ್ನು ಕೋಣೆಯ ಹೊಸಿಲಲ್ಲಿ ಕೂರಿಸಿದ. ಅಲುಗಬೇಡ ಎಂದ. ಓಡಿಹೋಗಿ ತೆಪ್ಪ ಹತ್ತಿದ. ಮಠ ಸೇರುವಾಗ ಅವನಿಗೆ ಏದುಸಿರು.

"ಗುರುಗಳೇ, ಅವರ ಪಾಡಿಗೆ ಬಿಡಿ ಅಂತ ನಾನು ಅವತ್ತು ಹೇಳಿದ್ದು ತಪ್ಪಾಯಿತು. ಇವತ್ತು ಆ ತಾಯಿಯೇ ಹಾಗೆ ಕೇಳ್ತಿದ್ದಾರೆ. ಬಿಟ್ಟು ಹೋದರೆ ಪ್ರಾಣಕ್ಕೆ ಭಯ. ಹೋಗದಿದ್ರೆ ಅವರಿಗೆ ಹಿಂಸೆ. ಏನು ಮಾಡಬೇಕು?"

"ತೆಪ್ಪ ಅಲ್ಲೇ ಇದೆಯಾ?" ಎಂದು ದೊಡ್ಡಬುದ್ಧಿ ಎದ್ದರು.

ಮುಂದಿನದನ್ನು ಈಗ ದೇವೀರಮ್ಮನೇ ಹೇಳುತ್ತಾಳೆ, ಹುಳದ ಮನೆಯ ಮುಂದೆ ಸೊಪ್ಪು ಬಿಡಿಸುತ್ತ, ನಗುತ್ತ. ಕೆಲವು ಬೆಳಗ್ಗೆ ಈಗಲೂ ಎದೆ ಭಾರವಂತೆ. ಅಂಥ ಬೆಳಗ್ಗೆ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ, ಮನೆಯವರು ಕೇಳಿಸಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಡಾಕ್ಟರಮ್ಮನನ್ನು ನೋಡಿ ಬರುತ್ತಾಳೆ. ಊರಿನಲ್ಲಿ ಯಾರಾದರೂ ಮಂಕಾಗಿ ಕೂತರೆ, ಜ್ವರಕ್ಕೆ ಕೂತವ್ರೆ ಎಂದು ಯಾರಾದರೂ ಅಂದರೆ, ಕೈಲಿದ್ದ ಸೊಪ್ಪು ಹಾಗೇ ಬಿಟ್ಟು ಆ ಮನೆಗೆ ಹೋಗುತ್ತಾಳೆ. ಹೋಗಿ ಈ ಕಥೆ ಹೇಳುತ್ತಾಳೆ.

ಅಂದು ದೊಡ್ಡಬುದ್ಧಿ ಬಂದು ಕೋಣೆಯಲ್ಲಿ ಕೂತರಂತೆ. ಈಕೆ ಮುಖ ತಿರುಗಿಸಲಿಲ್ಲ.

"ನನ್ ಪಾಡಿಗೆ ನನ್ನ ಬುಟ್ಬುಡಿ ಬುದ್ಧಿ."

"ಆಯ್ತು ತಾಯಿ," ಎಂದರಂತೆ.

ಎದ್ದು ಹೋಗುತ್ತಾರೆ ಎಂದು ಈಕೆ ಕಾದಳು. ಹೆಜ್ಜೆ ಸದ್ದು ಕೇಳಲಿಲ್ಲ. ಮುದುಕಿ ಮುದ್ದೆ ತಂದುಕೊಟ್ಟಳು, ಅಲ್ಲೇ ಉಂಡರು. ಗೋಡೆಗೆ ಒರಗಿ ಸ್ವಲ್ಪ ತೂಕಡಿಸಿದರು. ಎಚ್ಚರವಾಗಿ ನೀರು ಕುಡಿದರು. ಒಂದು ಮಾತೂ ಆಡಲಿಲ್ಲ. ಬಾಗಿಲಲ್ಲಿ ಗೌಡ ಕೂತಿದ್ದ, ಅವನ ಹಿಂದೆ ನಿರ್ವಾಣಿ. ಅವನೂ ಬಾಯಿ ಬಿಡಲಿಲ್ಲ. ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತು. ಸಂಜೆಯಾಯಿತು.

ದೇವೀರಮ್ಮನಿಗೆ ತಡೆಯಲಾಗಲಿಲ್ಲ. ತಿರುಗಿದಳು.

"ನನ್ ಪಾಡಿಗೆ ಬುಡ್ತೀನಿ ಅಂದ್ರಲ್ಲಾ ಬುದ್ಧಿ? ಇನ್ನೂ ಇಲ್ಲೇ ಕೂತಿದ್ದೀರಲ್ಲ?"

ದೊಡ್ಡಬುದ್ಧಿ ಆಕೆಯ ಕೈಗೆ ಮಾತ್ರೆಯನ್ನೂ ನೀರಿನ ಲೋಟವನ್ನೂ ಕೊಟ್ಟರು.

"ನಿನ್ನ ಪಾಡಿಗೇ ಬಿಟ್ಟಿದ್ದೀನಲ್ಲ ತಾಯಿ. ನಿನ್ನನ್ನ ಬಿಡ್ತೀನಿ ಅಂತ ಯಾವಾಗ ಹೇಳ್ದೆ?"